ಅಡುಗೆಮನೆಯಿಂದ ಮೇಲೆ

ಹಾದಿ ಶುರುವಾಗುವ ಹುಲ್ಲುಗಾವಲಿಗೆ ಕುಹಿನ್ಯಾ ಎಂದು ಹೆಸರು,
ಅಂದರೆ ಅಡುಗೆಮನೆ.
ಮೂವತ್ತೆಂಟು ಬೇಸಿಗೆ ನಾನು
ಆ ಅಡುಗೆಮನೆಯವರೆಗೆ ಹೋಗಿ
ಲೊವ್ರೊನ ಚೀಲಕ್ಕೆ ರೊಟ್ಟಿ, ಎರಡು ಬೆಂದ ಮೊಟ್ಟೆ ತುರುಕಿ
ವಾಪಸು ಬಂದವಳು.
ಬೆಟ್ಟ ಅವನದು, ಹಿತ್ತಲು ನನ್ನದು.
ಯಾರೂ ಪಾಲುಪಟ್ಟಿ ಬರೆದಿರಲಿಲ್ಲ.

ಈ ವರ್ಷ ಮಂಡಿಗೆ ಲೋಹ ಕೂರಿಸಿಕೊಂಡು
ಜುಲೈ ಪೂರ್ತಿ ಕಿಟಕಿಯಲ್ಲಿ ಕೂತ.
ಕ್ರ್‌ನ್: ನಡುವೆ ಸ್ವರವೇ ಇಲ್ಲದ ಹೆಸರು,
ಹಲ್ಲು ಕಚ್ಚಿಯೇ ಹೇಳಬೇಕು.
ಅವನು ಹೇಳುತ್ತಲೂ ಇರಲಿಲ್ಲ, ನೋಡುತ್ತಿದ್ದ ಅಷ್ಟೆ.
ಮೇಜಿನ ಮೇಲೆ ಮೊಹರಿನ ಪುಸ್ತಕ,
ಬೇಸಿಗೆಗೊಂದು ಚೌಕ,
ಕೊನೆಯದು ಖಾಲಿ.

‘ಕೊಡಿಲ್ಲಿ’ ಅಂದೆ. ಯಾಕೆ ಅಂದೆನೋ.

ಆಗಸ್ಟಿನ ಶನಿವಾರ, ಪಕ್ಕದ ಮನೆಯ ನೆಜಾ ಜೊತೆಗೆ,
ಅವನ ಕೋಲು, ಅವನ ಚೀಲ, ಬೂಟು ಮಾತ್ರ ನನ್ನದು,
ಆಲೂಗಡ್ಡೆ ಅಗೆಯುವಾಗ ಹಾಕುವಂಥದು.
ಹೊರಡುವಾಗ ಹತ್ತು ಸಲ ಹೇಳಿದೆ:
ಬೀನ್ಸಿಗೆ ಬುಡದಲ್ಲಿ ನೀರು, ಎಲೆಗೆ ಬೇಡ.
ಬಿಯರ್ ತಟ್ಟೆ ಬಸವನಹುಳುವಿಗೆ, ನಿನಗಲ್ಲ.
ಹೊಸ ಮಡಿಯಲ್ಲಿ ಕಹಿಸೊಪ್ಪಿನ ಸಸಿ ಎದ್ದಿದೆ,
ನಡುನಡುವೆ ಕಳೆ, ನೋಡಿ ಕೀಳು.
ಅವನು ತಲೆಯಾಡಿಸಿದ,
ಅವನು ಕಣಿವೆಗಳ ಹೆಸರು ಹೇಳುವಾಗ
ನಾನು ಆಡಿಸುತ್ತಿದ್ದ ಹಾಗೇ.

ಏರು ಅಂದರೆ ಏರು.
ಮೊದಲ ಗಂಟೆ ಪೂರ್ತಿ ಹಸುಗಳ ಗಂಟೆ,
ಎರಡನೆಯದು ನನ್ನ ಎದೆಯದೇ.
ಆಮೇಲೆ ಹುಲ್ಲು ಬೋಳಾಗಿ ಸುಣ್ಣಕಲ್ಲು.
ನೆಜಾ ಮುಂದೆ ಹೋಗುತ್ತಾಳೆ, ಕಾಯುತ್ತಾಳೆ,
ಫೋನಿನಲ್ಲಿ ನನ್ನ ಬೆವರು ಹಿಡಿಯುತ್ತಾಳೆ.
ನಿಂತಲ್ಲೆಲ್ಲ ನನ್ನ ಕೈ ಕಳೆಗೆ ಹೋಗುತ್ತದೆ.
ಬಂಡೆಯ ಸೀಳಿನಲ್ಲಿ ಉಗುರಿನಷ್ಟು ಹೂ,
ಬಿತ್ತಿದವರಿಲ್ಲ, ನೀರು ಹೊತ್ತವರಿಲ್ಲ,
ಗೊಬ್ಬರವಿಲ್ಲದೆ ಇಷ್ಟೊಂದು ನೀಲಿ!
ಸ್ವಲ್ಪ ಹೊಟ್ಟೆಕಿಚ್ಚಾಯಿತು.
ಅಲ್ಲೇ ಹುಲ್ಲಿನೊಳಗೆ ತುಕ್ಕು ಮುಳ್ಳುತಂತಿ,
ನೂರು ವರ್ಷದ ಹಿಂದಿನ ಯುದ್ಧದ ಬೇಲಿ.
ಏನು ಬೆಳೆದುಕೊಂಡರೋ ಅದರೊಳಗೆ.

ತುದಿಯಲ್ಲಿ ಗಾಳಿ, ಮತ್ತೆ ಗಾಳಿ.
ದೂರ ದಕ್ಷಿಣಕ್ಕೆ ಸಮುದ್ರದ ಒಂದು ಬೆಳ್ಳಿಗೆರೆ.
‘ಕಾಣುತ್ತದೆ ಪಾವ್ಲಾ’ ಎಂದು ಅವನು ಹೇಳಿದಾಗೆಲ್ಲ
ಸಾರು ಕದಡುತ್ತ ‘ಹೂಂ’ ಅಂದಿದ್ದೆ.
ಕೆಳಗೆ ನಮ್ಮೂರು ದ್ರೆಜ್ನಿಟ್ಸಾ,
ಚರ್ಚು ಒಂದು ಬೆಳ್ಳುಳ್ಳಿ ಎಸಳು,
ಮನೆಗಳು ಕೈಜಾರಿ ಚೆಲ್ಲಿದ ಬೀಜ.
ನನ್ನ ಹಿತ್ತಲು?
ಬೆರಳು ಚಾಚಿ ಹುಡುಕಿದೆ. ಬೆರಳೇ ದೊಡ್ಡದಾಯಿತು.
ಪ್ರತಿ ಸಲ ಇಳಿದು ಬಂದವನು
ಬಾಗಿಲಿಗೆ ಬಾರದೆ ನೇರ ಹಿತ್ತಲಿಗೆ ಬಂದು
ಬೇಲಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ.
ಬೂಟಿನ ಮಣ್ಣು ಕೊಡವು, ಎಂದಷ್ಟೇ ಅಂದಿದ್ದೆ ನಾನು.

ತಗಡಿನ ಡಬ್ಬಿಯಲ್ಲಿ ಮೊಹರು, ಒಣಗಿದ ಶಾಯಿ.
ಬಾಯಿಂದ ಹಬೆ ಊದಿ ಒತ್ತಿದೆ.

ಸಂಜೆ ಮನೆಗೆ ಬಂದರೆ
ಬೋರಲು ಬಕೆಟ್ಟಿನ ಮೇಲೆ ಕಾಲು ಚಾಚಿ ಕೂತಿದ್ದ,
ಬೆನ್ನಿಗೆ ಬಿಸಿಲು ಕಚ್ಚಿಸಿಕೊಂಡು.
‘ನೋಡು’ ಅಂದ, ‘ಒಂದು ಕಳೆ ಬಿಟ್ಟಿಲ್ಲ.’
ನೋಡಿದೆ.
ಸಸಿಗಳೆಲ್ಲ ಬೇರು ಮೇಲಾಗಿ ಗುಡ್ಡೆ ಬಿದ್ದಿದ್ದವು.
ಕಳೆ ಮಾತ್ರ ಸಾಲಾಗಿ, ನೀರುಂಡು, ನೆಟ್ಟಗೆ ನಿಂತಿತ್ತು.

ನಾನೇನೂ ಹೇಳದೆ ಪುಸ್ತಕ ಕೊಟ್ಟೆ.
ಕನ್ನಡಕ ಹುಡುಕಿ, ಬಿಚ್ಚಿ, ಬಹಳ ಹೊತ್ತು ನೋಡಿದ.
‘ಬೆಟ್ಟ ತಲೆಕೆಳಗಾಗಿದೆಯಲ್ಲೇ.’
‘ಮೇಲಿಂದ ಹಾಗೇ ಕಾಣೋದು’ ಅಂದೆ.

ರಾತ್ರಿ ಒಲೆಯ ಮುಂದೆ ಅವನು, ಸೌಟು ಅವನ ಕೈಯಲ್ಲಿ,
ಮಂಡಿ ಎರಡೂ ಬಿಟ್ಟುಕೊಟ್ಟು ಕುರ್ಚಿಯಲ್ಲಿ ನಾನು.
ಸಮುದ್ರದ ವಿಷಯ ಹೇಳತೊಡಗಿದೆ.
ಹೂಂ, ಅಂದ.
ಉಪ್ಪು ಎಷ್ಟು ಹಾಕಲಿ, ಅಂದ.

ಆ ಕಳೆಯನ್ನು ನಾನಿನ್ನೂ ಕಿತ್ತಿಲ್ಲ.
ಸೆಪ್ಟೆಂಬರಿನಲ್ಲಿ ಹೂ ಬಿಟ್ಟಿತು,
ಬಿಳಿ, ಸಣ್ಣದು, ಅಂಥ ಚೆಂದವೇನಲ್ಲ.